600 ಗ್ರಾಂ ಹೊದಿಕೆಗಾಗಿ ಮೂರು ರಾತ್ರಿ

2026 ಜನವರಿ 11, ಭಾನುವಾರ
ಮಾವನ ತೋಟ, ಹೊಳಲ್ಕೆರೆ ಹತ್ತಿರ

ಬೆಳಗಿನ ಜಾವ ನಾಲ್ಕೂವರೆಗೆ ಎಚ್ಚರ ಆಯ್ತು. ಹುಣಸೆ ಕೊಂಬೆಗೆ ಕಟ್ಟಿದ್ದ ಥರ್ಮಾಮೀಟರ್ 13 ಡಿಗ್ರಿ ತೋರಿಸುತ್ತಿತ್ತು. ಅದೇನು ಮಹಾ ಚಳಿ ಅಂತ ಕೇಳಬಹುದು. ಮನೆಯೊಳಗೆ ಹಾಸಿಗೆ ಮೇಲೆ ಮಲಗುವವರು ಕೇಳುವ ಮಾತು ಅದು. ಹ್ಯಾಮಕ್‌ನಲ್ಲಿ, ಅಂದರೆ ಎರಡು ಮರಕ್ಕೆ ಕಟ್ಟಿದ ಬಟ್ಟೆಯ ಜೋಲಿಯಲ್ಲಿ, ಗಾಳಿ ಮೇಲಿಂದಲೂ ಬರುತ್ತದೆ, ಕೆಳಗಿಂದಲೂ ಬರುತ್ತದೆ. ಅದೂ ನಮ್ಮ ಕಡೆಯ ಗಾಳಿ. ಗುಡ್ಡದ ಸಾಲಿನ ಮೇಲೆ ಕರೆಂಟು ತೆಗೆಯೋ ಅಷ್ಟೊಂದು ಗಾಳಿ ಫ್ಯಾನು ಸುಮ್ನೆ ನಿಲ್ಲಿಸಿದ್ದಾರಾ?

ಇದು ಮೂರನೇ ರಾತ್ರಿ. ಮಾರ್ಚ್‌ನಲ್ಲಿ ಹಿಮಾಚಲದ ತೀರ್ಥನ್ ಕಣಿವೆಗೆ ಹೋಗಬೇಕು, ಈ ಸಲ ಟೆಂಟ್ ಬಿಟ್ಟು ಹ್ಯಾಮಕ್ ಒಯ್ಯಬೇಕು ಅಂತ ಇದೆ. ಅಲ್ಲಿ ರಾತ್ರಿ ಸೊನ್ನೆ ಹತ್ತಿರಕ್ಕೆ ಇಳಿದರೂ ಇಳಿಯಬಹುದು. ಎಲ್ಲವನ್ನೂ ಬೆನ್ನ ಮೇಲೆ ಹೊರಬೇಕು. ಹಾಗಾದರೆ ಮೇಲೆ ಹೊದೆಯೋಕೆ ಏನು? ಜೋಗಿಮಟ್ಟಿಯಲ್ಲಿ ಪ್ರಯೋಗ ಮಾಡುವ ಆಸೆ ಇತ್ತು. ಅದು ಕಾಡುಪ್ರಾಣಿಗಳ ಜಾಗ, ನಮ್ಮ ಇಷ್ಟಕ್ಕೆ ರಾತ್ರಿ ಉಳಿಯೋ ಹಾಗಿಲ್ಲ. ಹಾಗಾಗಿ ಮಾವನ ತೋಟದ ಎರಡು ಹುಣಸೆಮರಗಳೇ ಗತಿ.

“ಇಷ್ಟು ದೊಡ್ಡವನಾದ್ರೂ ಜೋಲಿ ಬೇಕೇನೋ ನಿಂಗೆ?” ಅಂದಳು ಅಜ್ಜಿ.

ಮೊದಲ ರಾತ್ರಿಯ ಕಥೆ ಬೇಗ ಮುಗಿಸುತ್ತೇನೆ, ಮರ್ಯಾದೆ ಹೋಗುವಂಥದ್ದು. ಎರಡು ರಗ್ಗು ಹೊದ್ದು ಮಲಗಿದೆ, ಎದೆ ಬೆವರಿತು, ಬೆನ್ನು ಮರಗಟ್ಟಿತು. ಎರಡು ಗಂಟೆಗೆ ಎದ್ದು ಹಟ್ಟಿಯ ಪಕ್ಕದ ಕೋಣೆಗೆ ಓಡಿದೆ. ಹೊದಿಕೆಯಲ್ಲಿ ಬೆಚ್ಚಗಿಡೋದು ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ. ಮೈಭಾರಕ್ಕೆ ಅದು ಅಮುಕಿಹೋದರೆ ಮುಗೀತು. ಹ್ಯಾಮಕ್‌ಗೆ ಅಂತ ಹೊಲಿದ ಟಾಪ್ ಕ್ವಿಲ್ಟ್‌ಗೆ, ಅಂದರೆ ಮೇಲೆ ಹೊದೆಯೋ ದಪ್ಪ ಹೊದಿಕೆಗೆ, ಬೆನ್ನ ಭಾಗವೇ ಇರಲ್ಲ, ಯಾಕೆ ಅಂತ ಆವತ್ತು ಗೊತ್ತಾಯ್ತು. ಕೆಲಸಕ್ಕೆ ಬಾರದ ಭಾಗವನ್ನು ಹೊರೋದು ಯಾಕೆ? ಕೆಳಗಿನ ಚಳಿಗೆ ಬೇರೆ ದಾರಿ ಬೇಕು. ಎರಡನೇ ರಾತ್ರಿಯಿಂದ ನಾನು ಹಳೇ ಫೋಮ್ ಮ್ಯಾಟ್ ಹಾಸಿಕೊಂಡೆ. ರಾತ್ರಿಯೆಲ್ಲ ಜಾರುತ್ತದೆ, ಆದರೂ ಬೆನ್ನು ಉಳೀತು.

ಎರಡನೇ ರಾತ್ರಿ ಅಜ್ಜಿಯ ಚಳ್ಳಕೆರೆ ಕಂಬಳಿ. ಕಪ್ಪು ಕುರಿ ಉಣ್ಣೆ, ಹುಣಸೆಬೀಜದ ಗಂಜಿ ಹಾಕಿ ನೇಯ್ದದ್ದು. ಹೊಸದರಲ್ಲಿ ತಗಡಿನ ಹಾಗೆ ನಿಲ್ಲುತ್ತಿತ್ತಂತೆ. ಈಗಲೂ ಗಲ್ಲಕ್ಕೆ ತಾಗಿದರೆ ಚುಚ್ಚುತ್ತದೆ. ನಸುಕಿಗೆ ಮೇಲೆಲ್ಲ ಇಬ್ಬನಿ ಕೂತಿತ್ತು. ಕೈಯಲ್ಲಿ ಕೊಡವಿದರೆ ಹನಿ ಉದುರಿತು, ಒಳಗೆ ಬೆಚ್ಚಗೇ ಇತ್ತು. ತೇವ ಕುಡಿದರೂ ಉಣ್ಣೆ ಕೈಕೊಡಲ್ಲ. ಕುರಿ ಕಾಯೋರು ಮಳೆಯಲ್ಲಿ ಇದನ್ನೇ ಕೊಪ್ಪೆ ಹಾಕಿಕೊಂಡು ನಿಲ್ಲೋದು ಸುಮ್ನೆ ಅಲ್ಲ. ನಿದ್ದೆಯೇನೋ ಸೊಗಸಾಗಿ ಬಂತು. ಆದರೆ ಭಾರ? ಮಗ್ಗುಲು ಬದಲಿಸುವಾಗ ಎದೆ ಮೇಲೆ ಯಾರೋ ಕೂತ ಹಾಗೆ.

ಬೆಳಿಗ್ಗೆ ಊರಿನ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿ ಮೇಲೆ ಎಲ್ಲವನ್ನೂ ಇಟ್ಟೆ. ಕಂಬಳಿ 2 ಕೆಜಿ 300 ಗ್ರಾಂ. ದಾವಣಗೆರೆಯ ಗೆಳೆಯ ಎರಡು ಕ್ವಿಲ್ಟ್ ಕೊಟ್ಟಿದ್ದ. ಸಿಂಥೆಟಿಕ್ ತುಂಬಿದ್ದು 960 ಗ್ರಾಂ, ಬಾತುಕೋಳಿ ತುಪ್ಪಳದ್ದು 620 ಗ್ರಾಂ. “ಇಷ್ಟೇನಾ?” ಅಂತ ಅಂಗಡಿಯವರು ಅದನ್ನು ಎತ್ತಿ, ಮತ್ತೆ ಇಟ್ಟು ನೋಡಿದರು.

ತುಪ್ಪಳದ ಕ್ವಿಲ್ಟ್ ಮೇಲೆ 800 ಅಂತ ಬರೆದಿದೆ. ಒಂದು ಔನ್ಸ್, ಅಂದರೆ 28 ಗ್ರಾಂ ತುಪ್ಪಳ ಬಿಡಿಸಿಟ್ಟರೆ 800 ಘನ ಅಂಗುಲ ಜಾಗ ತುಂಬುತ್ತದೆ ಅಂತ ಅದರ ಅರ್ಥ. ಲೆಕ್ಕ ಹಾಕಿದೆ, 13 ಲೀಟರ್ ಆಯ್ತು. ಒಂದು ಹಿಡಿ ಪುಕ್ಕ, ಹೆಚ್ಚುಕಮ್ಮಿ ಒಂದು ಕೊಡ ಗಾಳಿ! ನಂಬರು ಜಾಸ್ತಿ ಆದಷ್ಟೂ ಅಷ್ಟೇ ಬೆಚ್ಚಗಿರೋಕೆ ಕಮ್ಮಿ ತೂಕ ಸಾಕು. ದುಡ್ಡು ಮಾತ್ರ ಜಾಸ್ತಿ. ಜೊತೆಗೆ ಇದಕ್ಕೆ ನೀರು ಕಂಡರೆ ಆಗಲ್ಲ. ಒದ್ದೆಯಾದರೆ ಮುದ್ದೆಗಟ್ಟುತ್ತದೆ. ಸಿಂಥೆಟಿಕ್ ಒದ್ದೆಯಾದರೂ ಒಂದಷ್ಟು ಮಾನ ಉಳಿಸುತ್ತದೆ, ಬೇಗ ಒಣಗುತ್ತದೆ.

ನಿನ್ನೆ ರಾತ್ರಿ ತುಪ್ಪಳದ್ದೇ ಹೊದ್ದೆ. ಪಾದದ ಕಡೆ ಚೀಲದ ಹಾಗೆ ಹೊಲಿದಿದ್ದಾರೆ. ಕಾಲು ತೂರಿಸಿ, ಅಂಚನ್ನು ಭುಜದ ಕೆಳಗೆ ಸಿಕ್ಕಿಸಿಕೊಂಡರೆ ಆಯ್ತು. ಜಿಪ್ಪಿನ ರಗಳೆ ಇಲ್ಲ. ಹ್ಯಾಮಕ್ ಬಟ್ಟೆಯೇ ಎರಡೂ ಪಕ್ಕ ಎದ್ದು ನಿಲ್ಲೋದರಿಂದ ಅಗಲ ಕಮ್ಮಿ ಇದ್ದರೂ ನಡೆಯುತ್ತದೆ. ಅದರಲ್ಲೇ ಇನ್ನಷ್ಟು ಗ್ರಾಂ ಉಳೀತದೆ. ಒಂದೇ ತಪ್ಪು ಮಾಡಿದೆ, ಮೂಗು ತಣ್ಣಗಾಯ್ತು ಅಂತ ಮುಸುಕು ಹಾಕಿಕೊಂಡೆ. ಎದ್ದಾಗ ಕತ್ತಿನ ಹತ್ತಿರ ಅಂಗೈ ಅಗಲ ಒದ್ದೆ. ಇಬ್ಬನಿಗೆ ಮೇಲೆ ಟಾರ್ಪಾಲು ಇತ್ತು, ಇದು ನನ್ನದೇ ಉಸಿರು. ತಲೆಗೆ ಉಣ್ಣೆ ಟೋಪಿ ಹಾಕಿ ಮೂಗು ಹೊರಗೇ ಬಿಡಬೇಕು.

ತುಪ್ಪಳದ್ದೇ ತಗೊಳ್ತೀನಿ. ಎಷ್ಟು ಚಳಿ ತಡೆಯುತ್ತದೆ ಅಂತ ಚೀಟಿಯಲ್ಲಿ ಬರೆದ ಡಿಗ್ರಿಯನ್ನು ಪೂರ್ತಿ ನಂಬಲ್ಲ. ಸ್ಲೀಪಿಂಗ್ ಬ್ಯಾಗಿಗಾದರೆ ಐಎಸ್‌ಒ ಅನ್ನೋ ಅಂತರರಾಷ್ಟ್ರೀಯ ಮಾನದಂಡದ ಪರೀಕ್ಷೆ ಇದೆ, ಕ್ವಿಲ್ಟ್‌ಗೆ ಹೆಚ್ಚಾಗಿ ಮಾಡಿದವರು ಹೇಳಿದ್ದೇ ಲೆಕ್ಕ. ಸೊನ್ನೆಗೆ ಹೋಗೋದಾದರೆ ಮೈನಸ್ 5 ಅಂತ ಬರೆದದ್ದು ತಗೋಬೇಕು. ಸಿಂಥೆಟಿಕ್ ಜಾಕೆಟ್ ಹೇಗೂ ಚೀಲದಲ್ಲಿ ಇರುತ್ತದೆ. ಅದನ್ನು ಹಾಕಿಕೊಂಡೇ ಮಲಗಿದರೆ ಎದೆ ಭಾಗಕ್ಕೆ ಎರಡು ಪದರ.

ಹತ್ತು ಗಂಟೆ ಬಿಸಿಲಿಗೆ ಕ್ವಿಲ್ಟನ್ನು ಹಗ್ಗದ ಮೇಲೆ ಹರವಿದ್ದೆ. ಅಜ್ಜಿ ಬಂದು ಕೇಳಿದಳು. ಬಾತುಕೋಳಿ ಪುಕ್ಕ ಅಂದೆ. “ಶಿವ ಶಿವಾ, ದೇವರ ಕೋಣೆ ಕಡೆ ತರಬೇಡ” ಅಂತ ಎರಡು ಹೆಜ್ಜೆ ಹಿಂದೆ ಹೋದಳು. ಆಮೇಲೆ ತಡೆಯಲಾಗಲಿಲ್ಲ ಅಂತ ಕಾಣುತ್ತೆ, ಒಂದು ಬೆರಳಿಂದ ಒತ್ತಿದಳು. ಗುಳಿ ಬಿತ್ತು. ನಿಧಾನಕ್ಕೆ ಉಬ್ಬಿ ಮೇಲೆ ಬಂತು.

“ನಿಂಗೆ ಗಾಳಿ ಮಾರ್ತಾರೆ ಕಣೋ” ಅಂದು, ಇನ್ನೊಂದು ಸಲ ಒತ್ತಿದಳು.