ಧ್ವಜದ ಹೊಟ್ಟೆ ಸೀಳು ಎಲ್ಲಿ ಹೋಯ್ತು?

ನಮ್ಮ ಅಪಾರ್ಟ್‌ಮೆಂಟಿನ ರಾಜ್ಯೋತ್ಸವದ ಬ್ಯಾನರ್ ಕೆಲಸ ಈ ಸಲ ನನ್ನ ತಲೆಗೆ ಬಂತು. ನನಗೆ ಡಿಸೈನ್ ಗೊತ್ತು ಅಂತಲ್ಲ, ಲ್ಯಾಪ್‌ಟಾಪ್ ಇಟ್ಟುಕೊಂಡು ಸುಮ್ನೆ ಕೂತಿರುತ್ತೇನೆ ಅಂತ. ಫಾಂಟ್ ಯಾವುದು ಅನ್ನುವುದರಲ್ಲಿ ಮಾತ್ರ ಅನುಮಾನವೇ ಇರಲಿಲ್ಲ. ಬಾಲೂ ತಮ್ಮ.

ಮುಂಬೈನ ಏಕ್ ಟೈಪ್ ತಂಡದವರು ಮಾಡಿದ ಫಾಂಟ್ ಇದು. ದಪ್ಪ ಮೈ, ದುಂಡು ಮೂಲೆ, ಬಿಗುಮಾನ ಒಂಚೂರೂ ಇಲ್ಲ. ಹೆಚ್ಚುಕಡಿಮೆ ಒಂದೊಂದು ಲಿಪಿಗೂ ಒಬ್ಬೊಬ್ಬ ಅಣ್ಣನೋ ತಮ್ಮನೋ ಇದ್ದಾನೆ: ಗುಜರಾತಿಗೆ ಭಾಯ್, ಬಂಗಾಳಿಗೆ ದಾ, ತೆಲುಗಿಗೆ ತಮ್ಮುಡು, ತಮಿಳಿಗೆ ತಂಬಿ. ಮಲಯಾಳಕ್ಕೆ ಚೇಟ್ಟನ್, ಅಂದರೆ ಅಣ್ಣ. (ಅವರಿಗೆ ಅಣ್ಣ, ನಮಗ್ಯಾಕೆ ತಮ್ಮ ಅಂತ ಜಗಳ ತೆಗೆಯಬಹುದು, ಇರಲಿ.) ಮೊದಲು ಬಂದದ್ದರಲ್ಲಿ ಒಂದೇ ದಪ್ಪ ಇತ್ತು. ಆಮೇಲೆ ಬಂದ ಬಾಲೂ ತಮ್ಮ 2ರಲ್ಲಿ ರೆಗ್ಯುಲರ್‌ನಿಂದ ಎಕ್ಸ್‌ಟ್ರಾ ಬೋಲ್ಡ್‌ವರೆಗೆ ಐದು ಇವೆ. ಗೂಗಲ್ ಫಾಂಟ್ಸ್‌ನಲ್ಲಿ ಪುಕ್ಕಟೆ ಸಿಗುತ್ತದೆ.

‘ಕನ್ನಡ ರಾಜ್ಯೋತ್ಸವ’ ಅಂತ ದೊಡ್ಡದಾಗಿ ಹಾಕಿದೆ. ಆಹಾ, ನ್ನ, ಜ್ಯೋ, ತ್ಸ ಮೂರೂ ಹೊಟ್ಟೆ ತುಂಬ ಉಂಡು ಕೂತ ಮಕ್ಕಳ ತರ ಕಂಡವು. ಆದರೆ ಇಂಗ್ಲಿಷಿಗೆ ಇಡುವ ಹಾಗೆ ಸಾಲುಗಳನ್ನು ಒತ್ತೊತ್ತಾಗಿ ಇಟ್ಟಿದ್ದೆ, ತ್ಸದ ಒತ್ತು ಹೋಗಿ ಕೆಳಗಿನ ನವೆಂಬರ್ 1ರ ಮೇಲೆ ಕೂತುಬಿಟ್ಟಿತು. ಕನ್ನಡಕ್ಕೆ ಕೆಳಗೂ ಜಾಗ ಬೇಕು, ಅಲ್ವಾ? ಅದೇನೋ ಕಣ್ಣಿಗೆ ಬಿತ್ತು, ಸರಿ ಮಾಡಿದೆ.

ಕಣ್ಣಿಗೆ ಬೀಳದ್ದು ಅದರ ಕೆಳಗಿನ ಸಣ್ಣ ಸಾಲು. ‘ಬೆಳಿಗ್ಗೆ 8ಕ್ಕೆ ಧ್ವಜಾರೋಹಣ’. ದೂರಕ್ಕೆ ಕಾಣಲಿ ಅಂತ, ಮೊದಲೇ ದಪ್ಪಗಿದ್ದ ಅಕ್ಷರಕ್ಕೆ ಅದೇ ಕೆಂಪಿನಲ್ಲಿ ಇನ್ನೊಂದು ಔಟ್‌ಲೈನ್ ಬಿಗಿದಿದ್ದೆ. ಬ್ಯಾನರ್ ಪ್ರಿಂಟಾಗಿ ಬಂತು, ಗೇಟಿಗೆ ಕಟ್ಟಿದೆವು. ಮೂರನೇ ಮಹಡಿಯ ಮೇಷ್ಟ್ರು ವಾಕಿಂಗ್ ನಿಲ್ಲಿಸಿ ನೋಡಿದರು.

“ಏನಪ್ಪಾ, ದ್ವಜ ಅಂತ ಬರೆದಿದ್ದೀಯಲ್ಲ?”

“ಇಲ್ಲ ಮೇಷ್ಟ್ರೇ, ಹೊಟ್ಟೆ ಸೀಳಿದ ಧನೇ ಹಾಕಿರೋದು.”

“ಎಲ್ಲಿದೆ ತೋರಿಸು.”

ಹತ್ತಿರ ಹೋಗಿ ನೋಡಿದೆ. ದಕ್ಕೂ ಧಕ್ಕೂ ಇರುವ ವ್ಯತ್ಯಾಸ ಕೆಳಗಿನ ಒಂದು ಪುಟ್ಟ ಗೀಟು ಅಷ್ಟೇ. ಔಟ್‌ಲೈನಿಗೆ ಹೊಟ್ಟೆ ಊದಿ ಆ ಗೀಟನ್ನು ನುಂಗಿತ್ತು, ಉಳಿದ ಚೂರು ಕೆಳಗಿದ್ದ ವ ಒತ್ತಿಗೆ ಅಂಟಿಕೊಂಡಿತ್ತು. ಫಾಂಟಿನದೇನೂ ತಪ್ಪಿಲ್ಲ. ಸ್ಕ್ರೀನಿನಲ್ಲಿ ನಾನು ನೋಡಿದ್ದು 400% ಝೂಮ್ ಮಾಡಿ, ಅಲ್ಲಿ ಎಲ್ಲ ಚೆನ್ನಾಗಿಯೇ ಇತ್ತು. ಈ ತರದ ಫಾಂಟು ಇರುವುದೇ ನಾಲ್ಕು ಪದ ದೊಡ್ಡದಾಗಿ ಕೂಗಿ ಹೇಳುವುದಕ್ಕೆ. ಸಣ್ಣ ಸಾಲಿಗೆ ಅದರದ್ದೇ ಮೀಡಿಯಂ ತಗೊಂಡಿದ್ದರೆ ಮುಗಿಯುತ್ತಿತ್ತು.

ಮತ್ತೆ ಪ್ರಿಂಟ್ ಹಾಕಿಸಲು ಹೊತ್ತಿರಲಿಲ್ಲ. ಮೇಷ್ಟ್ರು ಮೊಮ್ಮಗಳ ಪೇಂಟ್ ಡಬ್ಬಿ ತರಿಸಿ, ನಾನು ಹಿಡಿದ ಕುರ್ಚಿ ಹತ್ತಿ, ಗೀಟಿನ ಎರಡೂ ಬದಿಗೆ ಹಳದಿ ಬಳಿದು ಮಹಾಪ್ರಾಣವನ್ನು ಬಿಡಿಸಿಕೊಂಡು ಬಂದರು.