ಹೊಸ ಆಸ್ಪತ್ರೆಯಲ್ಲಿ ನೋಡೋದೇನಿದೆ?

‘ಇವರು ಎಂಜಿನಿಯರಾಗಿ ದುಡಿದ ಆಸ್ಪತ್ರೆ ಮುಗೀತಂತೆ, ನೋಡೋಕೆ ಬಾ ಅಂತಾರೆ. ಗ್ರಾನೈಟ್ ನೆಲ, ಲಿಫ್ಟು ಬಿಟ್ಟರೆ ಅಲ್ಲಿ ನೋಡೋದೇನಿದೆ?’ ಬಳ್ಳಾರಿ, ರಾಯಚೂರು ಕಡೆಯ ಎಂಜಿನಿಯರುಗಳ ಮನೆಮಂದಿ ನನ್ನನ್ನು ಕೇಳುತ್ತಲೇ ಇರುವ ಪ್ರಶ್ನೆ ಇದು. ನನ್ನ ಉತ್ತರ: ಹೋಗುವಾಗ ಒಂದು ತೆಳು ಟಿಶ್ಯೂ ಕಾಗದ ಒಯ್ಯಿರಿ.

ಆಪರೇಷನ್ ಥಿಯೇಟರ್ ಬಳಕೆಗೆ ಬರುವ ಮುಂಚೆಯೇ ಹೋಗಬೇಕು. ಎಸಿ ಚಾಲೂ ಇರುವಾಗ ಬಾಗಿಲನ್ನು ಎರಡು ಬೆರಳಷ್ಟು ತೆರೆದು, ಸಂದಿಯಲ್ಲಿ ಕಾಗದದ ಎಳೆ ಹಿಡಿಯಿರಿ. ಅದು ಕಾರಿಡಾರಿನ ಕಡೆಗೆ ವಾಲಬೇಕು. ಹೊರಗಿನ ಧೂಳು ಒಳನುಗ್ಗದಿರಲೆಂದು ಥಿಯೇಟರಿನ ಗಾಳಿಯ ಒತ್ತಡವನ್ನು ಬಾಗಿಲು ಮುಚ್ಚಿದಾಗ ಕಾರಿಡಾರಿಗಿಂತ ಕನಿಷ್ಠ 2.5 ಪಾಸ್ಕಲ್ (ಒತ್ತಡ ಅಳೆಯುವ ಮಾನ) ಹೆಚ್ಚಿಟ್ಟಿರುತ್ತಾರೆ. ಒಳಗಿನ ಗಾಳಿ ಗಂಟೆಗೆ ಕನಿಷ್ಠ 20 ಸಲ ಬದಲಾಗಬೇಕು, ಅದರಲ್ಲಿ 4 ಸಲದಷ್ಟು ಹೊರಗಿನ ತಾಜಾ ಗಾಳಿ. 6 ಮೀಟರ್ ಚೌಕದ, 3 ಮೀಟರ್ ಎತ್ತರದ ಕೋಣೆಗೆ ಅಂದರೆ ಗಂಟೆಗೆ 2,160 ಘನ ಮೀಟರ್. ಕ್ಷಯ ರೋಗಿಗಳ ಪ್ರತ್ಯೇಕ ಕೋಣೆಯಲ್ಲಿ ರೋಗಾಣು ಹೊರಬರದಿರಲೆಂದು ಅದೇ ಕಾಗದ ಒಳಕ್ಕೆ ವಾಲಬೇಕು. ಒಂದೇ ಕಟ್ಟಡದಲ್ಲಿ ಗಾಳಿಯನ್ನು ಎರಡು ದಿಕ್ಕಿಗೆ ಹರಿಸುವುದು ಸಣ್ಣ ಕೆಲಸವಲ್ಲ.

ಕಾಗದ ಅಲ್ಲಾಡದೆ ನಿಂತರೆ? ನಮ್ಮ ಕಡೆ ಮೊದಲ ಅನುಮಾನ ಫಿಲ್ಟರಿನ ಮೇಲೆ. ಅದಿರು ಲಾರಿಗಳ ಧೂಳಿಗೆ ಪ್ರೀ-ಫಿಲ್ಟರ್, ಅಂದರೆ ದಪ್ಪ ಧೂಳನ್ನು ಮೊದಲೇ ಹಿಡಿಯುವ ಜಾಲರಿ, ಬೇಗ ಕಟ್ಟಿಕೊಳ್ಳುತ್ತದೆ, ಗಾಳಿ ಕಡಿಮೆಯಾಗುತ್ತದೆ, ಕೋಣೆ ಮಾತ್ರ ತಂಪಾಗಿಯೇ ಇರುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಎರಡನೆಯದು, ಏಪ್ರಿಲ್-ಮೇ ಬಿಸಿಲಿಗೆ ಕರೆಂಟ್ ಬಿಲ್ ಏರಿತೆಂದು ತಾಜಾ ಗಾಳಿಯ ಡ್ಯಾಂಪರ್ (ಗಾಳಿಯ ದಾರಿಯನ್ನು ತೆರೆದು ಮುಚ್ಚುವ ಫಲಕ) ಮುಚ್ಚಿಬಿಡುವುದು. ಒತ್ತಡ ಹುಟ್ಟುವುದೇ ಆ ಗಾಳಿಯಿಂದ, ಅದನ್ನೇ ಮುಚ್ಚಿದರೆ ಏನುಳಿಯಿತು? ಫಿಲ್ಟರಿನ ಎರಡೂ ಬದಿಯ ಒತ್ತಡದ ವ್ಯತ್ಯಾಸ ತೋರಿಸಿ, ಅದು ಕಟ್ಟಿಕೊಂಡದ್ದನ್ನು ಹೇಳುವ ಮೀಟರ್ ಎಲ್ಲಿದೆ ಎಂದು ನಿಮ್ಮ ಮನೆಯ ಎಂಜಿನಿಯರನ್ನು ಕೇಳಿ. ಕಣ್ಣಿಗೆ ಕಾಣುವ ಜಾಗದಲ್ಲಿ ಇಟ್ಟಿದ್ದರೆ ಅವರನ್ನು ಮೆಚ್ಚಲೇಬೇಕು.

ಆಮೇಲೆ ಕಟ್ಟಡದ ಸುತ್ತ ಒಂದು ಸುತ್ತು ಹಾಕಿ. ನಮ್ಮ ಕಡೆಯ ಎರೆಮಣ್ಣು ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿಯುತ್ತದೆ. ಆಳವಾದ ಎರೆಯಲ್ಲಿ ತುದಿಗೆ ಗಡ್ಡೆಯಂತೆ ಉಬ್ಬಿದ ಪೈಲುಗಳನ್ನು (ನೆಲದೊಳಗಿನ ಕಾಂಕ್ರೀಟ್ ಕಂಬಗಳನ್ನು) ಕನಿಷ್ಠ 3.5 ಮೀಟರ್ ಇಳಿಸಿ, ಅವುಗಳ ಮೇಲಿನ ಬೀಮಿನಡಿ 80 ಮಿಲಿಮೀಟರ್ ಖಾಲಿ ಬಿಡುವುದು ಒಂದು ರೂಢಿ. ಆ ಸಂದಿ ಮಣ್ಣು ಉಬ್ಬಲು ಬಿಟ್ಟ ಜಾಗ. ಕೊನೆಗೆ ಬರುವ ಗಾರೆಯವರು ‘ಸಂದಿ ಉಳಿದಿದೆ’ ಎಂದು ತುಂಬಿಬಿಟ್ಟರೆ ಮಣ್ಣು ಬೀಮನ್ನೇ ಎತ್ತುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಏಳುತ್ತದೆ, ಚೌಕಟ್ಟು ವಾರೆಯಾಗಿ ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ. ಬಾಗಿಲು ಮುಚ್ಚದ ಥಿಯೇಟರಿನಲ್ಲಿ ಒತ್ತಡವೂ ನಿಲ್ಲದು. ಮಳೆನೀರಿನ ಪೈಪು ಗೋಡೆಯ ಬುಡಕ್ಕೇ ನೀರು ಸುರಿಯುತ್ತಿದ್ದರೆ ಅಂದೇ ಹೇಳಿ.

ಸಮಯ ಸಿಕ್ಕರೆ ಡಯಾಲಿಸಿಸ್ ಕೋಣೆಯ ಹಿಂದೆ ಇಣುಕಿ. ಯಂತ್ರಕ್ಕೆ ನಿಮಿಷಕ್ಕೆ 500 ಮಿಲಿಲೀಟರಿನಂತೆ 4 ತಾಸಿಗೆ, ಒಬ್ಬ ರೋಗಿಗೆ, 120 ಲೀಟರ್ ಶುದ್ಧ ನೀರು ಬೇಕು. ನಮ್ಮ ಬೋರ್‌ವೆಲ್ಲಿನ ಗಡಸು ನೀರನ್ನು ಮೆದು ಮಾಡಿ, ಆರ್‌ಒ ಘಟಕ ದಾಟಿಸಿ ಕೊಡುತ್ತಾರೆ. ಶುದ್ಧ ನೀರಿನ ಪೈಪು ಸುತ್ತು ಹೊಡೆದು ವಾಪಸ್ ಬರುತ್ತದೆಯೋ ನೋಡಿ. ಎಲ್ಲೋ ಕುರುಡಾಗಿ ಕೊನೆಗೊಂಡಿದ್ದರೆ ಅಲ್ಲಿ ನಿಂತ ನೀರಿನಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತವೆ.