ಮುಂಡಗೋಡದ ತರ್ಕದಂಗಳದಲ್ಲಿ

1966ರಲ್ಲಿ ಸ್ಥಾಪನೆಯಾದ, ನಮ್ಮ ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡದ ಟಿಬೆಟಿಯನ್ ನಿರಾಶ್ರಿತರ ನೆಲೆಯಲ್ಲಿ ಜಾಂಗ್‌ಚುಬ್ ಚೋಲಿಂಗ್ ಎಂಬ ಭಿಕ್ಷುಣಿಯರ ಮಠವಿದೆ. ದ್ರೆಪುಂಗ್ ಮತ್ತು ಗಾಂದೆನ್ ಮಠಗಳನ್ನು ನೋಡಿ ಹಿಂತಿರುಗುವ ಪ್ರವಾಸಿಗರಲ್ಲಿ ಇತ್ತ ಬರುವವರು ಕಡಿಮೆ. ಪರಿಚಿತ ಶಿಕ್ಷಕಿಯೊಬ್ಬರ ಒತ್ತಾಯದಿಂದ, ಭಿಕ್ಷುಣಿಯರ ತರ್ಕಾಭ್ಯಾಸವನ್ನು ನೋಡಲೆಂದು ನಾನು ಒಂದು ಸಂಜೆ ಅಲ್ಲಿಗೆ ಹೋದೆ.

ಅಂಗಳದಲ್ಲಿ ಉತ್ತರಿಸಬೇಕಾದವರು ಚಕ್ಕಳಮಕ್ಕಳ ಹಾಕಿ ಕುಳಿತಿದ್ದರು. ಎದುರಿಗೆ ನಿಂತ ಕಿರಿಯ ಭಿಕ್ಷುಣಿ ಪ್ರಶ್ನೆಯನ್ನು ಮುಗಿಸುತ್ತಿದ್ದಂತೆ ಎಡಗಾಲನ್ನು ಎತ್ತಿ ನೆಲಕ್ಕೆ ಅಪ್ಪಳಿಸಿ, ಬಲಗೈಯನ್ನು ಎಡ ಅಂಗೈಯ ಮೇಲೆ ಬಾರಿಸಿ, ಉತ್ತರಕ್ಕಾಗಿ ಮುಂದಕ್ಕೆ ಬಾಗಿದರು. ಉತ್ತರ ತಡವಾದರೆ ಪ್ರಶ್ನೆ ಇನ್ನಷ್ಟು ಏರುದನಿಯಲ್ಲಿ ಮರಳಿ ಬರುತ್ತಿತ್ತು. ಚರ್ಚೆಯ ಆಧಾರ ಪ್ರಾಚೀನ ಬೌದ್ಧ ತಾರ್ಕಿಕ ಧರ್ಮಕೀರ್ತಿಯ ‘ಪ್ರಮಾಣವಾರ್ತಿಕ’ವೆಂಬ ತರ್ಕಗ್ರಂಥವೆಂದು ತಿಳಿದಾಗ, ನಮ್ಮ ತರಗತಿಗಳಲ್ಲಿ ಹೆಣ್ಣುಮಕ್ಕಳು ಇಷ್ಟು ನಿರ್ಭಯವಾಗಿ ವಾದಿಸುವುದನ್ನು ನಾನೆಲ್ಲಿ ಕಂಡಿದ್ದೇನೆ ಎಂದು ಯೋಚಿಸುವಂತಾಯಿತು.

ನಮ್ಮ ಪಕ್ಕದಲ್ಲಿ ಕುಳಿತಿದ್ದ ಹಿರಿಯ ಭಿಕ್ಷುಣಿ ಹಿಂದಿಯ ನಡುನಡುವೆ ಸಂತೆಯಲ್ಲಿ ಕಲಿತ ಕನ್ನಡವನ್ನು ಬೆರೆಸಿ ಮಾತನಾಡಿದರು. 1959ರಲ್ಲಿ ಹಿಮಾಲಯ ದಾಟಿ ಬಂದ ಅವರ ತಾಯಿ, ಹಿಮಾಚಲದ ರಸ್ತೆ ಕಾಮಗಾರಿಯಲ್ಲಿ ಜಲ್ಲಿ ಒಡೆದು, ಬಳಿಕ ಇಲ್ಲಿಗೆ ಬಂದು, ಕಾಡು ಸವರಿದ ನೆಲದಲ್ಲಿ ಗೋವಿನಜೋಳ ಬೆಳೆದವರಂತೆ. ಆ ತಾಯಿಗೆ ಅಕ್ಷರ ಬರುತ್ತಿರಲಿಲ್ಲ. “ಟಿಬೆಟಿನಲ್ಲೇ ಹುಟ್ಟಿ ಬೆಳೆದಿದ್ದರೂ ನನಗೆ ಈ ಓದು ಸಿಗುತ್ತಿರಲಿಲ್ಲ ಮೇಡಂ” ಎಂದರು ಅವರು. ಅದು ನಿಜವೇ. ಅಲ್ಲಿ ಭಿಕ್ಷುಣಿಯರ ಪಾಲಿಗೆ ಪೂಜೆ, ಪಾರಾಯಣಗಳಿದ್ದವು; ದರ್ಶನಶಾಸ್ತ್ರದ ಉನ್ನತ ವ್ಯಾಸಂಗವೂ ಅದರ ಗೆಶೆ ಪದವಿಯೂ ಗಂಡಸರದ್ದಾಗಿದ್ದವು. ಸುಮಾರು 17 ವರ್ಷಗಳ ಓದು, ಆಮೇಲೆ ನಾಲ್ಕು ವರ್ಷಗಳಲ್ಲಿ ಹಂತಹಂತವಾಗಿ ನಡೆಯುವ ಪರೀಕ್ಷೆ ದಾಟಿದ 20 ಭಿಕ್ಷುಣಿಯರಿಗೆ 2016ರ ಡಿಸೆಂಬರಿನಲ್ಲಿ ದಲೈ ಲಾಮಾ ಅವರು ಮೊದಲ ಗೆಶೆಮಾ (ಭಿಕ್ಷುಣಿಯರಿಗೆ ಕೊಡುವ ಗೆಶೆ) ಪದವಿಗಳನ್ನು ಪ್ರದಾನ ಮಾಡಿದ್ದು ಇದೇ ಮುಂಡಗೋಡದಲ್ಲಿ. ನಮ್ಮ ಜಿಲ್ಲೆಯಲ್ಲೇ ನಡೆದ ಈ ಘಟನೆ ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು!

ನೆಲೆ ತಪ್ಪಿದ್ದರಿಂದ ಇವರಿಗೆ ಒಳ್ಳೆಯದಾಯಿತು ಎಂದು ನಾನು ಹೇಳಲಾರೆ. ದೇಶವನ್ನೂ ಬಂಧುಬಳಗವನ್ನೂ ಕಳೆದುಕೊಂಡ ದುಃಖಕ್ಕೆ ಯಾವ ಪದವಿಯೂ ಸಮನಲ್ಲ. ಆದರೆ ಊಟ, ಸೂರುಗಳ ಚಿಂತೆಯೇ ದೊಡ್ಡದಾಗಿದ್ದ ನೆಲೆಯಲ್ಲಿ ನಿಂತು, ಹಿಂದೆ ತಮಗೆ ಸಿಗದಿದ್ದ ಓದಿನ ಹಕ್ಕನ್ನು ಹಟ ಹಿಡಿದು ಪಡೆದವರು ಇವರು. ಮೊದಲು ಪಾಠ ಹೇಳಲು ಭಿಕ್ಷುಗಳೇ ಬರಬೇಕಿತ್ತೆಂದೂ, ಈಗ ಗೆಶೆಮಾ ಆದವರೇ ಕಿರಿಯರಿಗೆ ಕಲಿಸತೊಡಗಿದ್ದಾರೆಂದೂ ಆ ಹಿರಿಯರು ಹೆಮ್ಮೆಯಿಂದ ಹೇಳಿದರು.